ಬಂಡೆಯ ಮೇಲೆ ಚಾಕ್ ಗೆರೆ ಎಳೆಯುವವರಿಗೆ

ಕೊಡಗಿನಲ್ಲಿ ಬಂಡೆ ಹತ್ತುವುದನ್ನು ಕಲಿಸುವುದು ನನ್ನ ಕೆಲಸ. ಮಡಿಕೇರಿ ಕಡೆ ಒಂದು ಕಾಫಿ ತೋಟದೊಳಗೆ ಒಳ್ಳೆ ಬಂಡೆ ಇದೆ, ಮಾಲೀಕರ ಒಪ್ಪಿಗೆ ಪಡೆದು ಮಳೆಗಾಲ ಮುಗಿದ ಮೇಲೆ ಅಲ್ಲಿ ಬ್ಯಾಚ್ ನಡೆಸುತ್ತೇವೆ. ಹಗ್ಗ, ಗಂಟು, ಬಿಲೇ (ಹತ್ತುವವರ ಹಗ್ಗವನ್ನು ಕೆಳಗಿನಿಂದ ಹಿಡಿದು ಕಾಯುವುದು) ಬಗ್ಗೆ ಎಲ್ಲರೂ ಕೇಳುತ್ತಾರೆ. ಚಾಕ್ ಗೆರೆ ಬಗ್ಗೆ ಯಾರೂ ಕೇಳುವುದಿಲ್ಲ.

ಬೆವರಿದ ಕೈ ಜಾರಬಾರದು ಅಂತ ಹಚ್ಚಿಕೊಳ್ಳುವ ಬಿಳಿ ಪುಡಿಯೇ ಈ ಚಾಕ್, ಅಂದರೆ ಮೆಗ್ನೀಸಿಯಂ ಕಾರ್ಬೊನೇಟ್. 1950ರ ದಶಕದಲ್ಲಿ ಅಮೆರಿಕದ ಜಾನ್ ಗಿಲ್ ಇದನ್ನು ಜಿಮ್ನಾಸ್ಟಿಕ್ಸ್‌ನಿಂದ ಬಂಡೆಗೆ ತಂದರು. ಹಿಡಿದ ಜಾಗದಲ್ಲಿ ಪುಡಿ ಅಂಟುತ್ತದೆ, ಅದಕ್ಕೆ ಏನೂ ಮಾಡಲಾಗದು. ಆದರೆ ಹೋಲ್ಡ್ (ಕೈ, ಕಾಲಿಗೆ ಹಿಡಿತ ಸಿಗುವ ಜಾಗ) ಎಲ್ಲಿದೆ ಅಂತ ನೆನಪಿಟ್ಟುಕೊಳ್ಳಲು ಬೇಕೆಂದೇ ಗೆರೆ ಎಳೆಯುತ್ತಾರಲ್ಲ, ಟಿಕ್ ಮಾರ್ಕ್ ಅನ್ನುತ್ತಾರೆ, ಅದು ಬೇರೆಯೇ ವಿಷಯ. ಅದನ್ನು ಎಳೆಯುವುದೂ ನಾವೇ, ಅಳಿಸಬೇಕಾದವರೂ ನಾವೇ.

ಹೋದ ಸೀಸನ್ನಿನಲ್ಲಿ ಬೇರೆ ಗುಂಪೊಂದು ಹತ್ತಿ ಹೋದ ಮೇಲೆ ನಮ್ಮ ಬಂಡೆ ತುಂಬಾ ಮೊಳದುದ್ದದ ಗೆರೆಗಳಿದ್ದವು. ಅದನ್ನು ಒರೆಸುವ ಮೊದಲೇ ನಮ್ಮ ಬ್ಯಾಚಿನ ಹುಡುಗಿಯೊಬ್ಬಳು ಹತ್ತಲು ಶುರು ಮಾಡಿದಳು. ಅವಳ ಎಡ ಮೊಣಕಾಲಿನ ಪಕ್ಕದಲ್ಲೇ ಎರಡು ಬೆರಳು ಅಗಲದ ಅಂಚು ಇತ್ತು. ಕಪ್ಪು ಕಲ್ಲಿನಲ್ಲಿ ಕಪ್ಪು ಅಂಚು, ಅಂಚಿನ ಮೇಲೆ ಒಣಗಿದ ಪಾಚಿ. ಅದಕ್ಕೆ ಗೆರೆ ಇರಲಿಲ್ಲ, ಹಾಗಾಗಿ ಅವಳು ಅದನ್ನು ನೋಡಲೇ ಇಲ್ಲ. ಕಣ್ಣೆಲ್ಲ ಮೇಲಿನ ಬಿಳಿ ಗೆರೆಯ ಮೇಲೆ. ಆ ಗೆರೆಯನ್ನು ಯಾರೋ ಉದ್ದನೆಯ ಮನುಷ್ಯ ತನ್ನ ಕೈ ಅಳತೆಗೆ ಎಳೆದುಕೊಂಡಿದ್ದ, ಅವಳಿಗೆ ಎಟುಕುವ ಮಾತೇ ಇಲ್ಲ. ಒಂದೇ ಕಡೆ ನೇತಾಡಿ ನೇತಾಡಿ ತೋಳು ಸೋತು ಕೈಬಿಟ್ಟಳು. ಗೆರೆಗಳನ್ನೆಲ್ಲ ಬ್ರಷ್‌ನಿಂದ ಉಜ್ಜಿ ತೆಗೆದೆವು. ಮತ್ತೆ ಹತ್ತಿದಾಗ ಆ ಅಂಚು ಅವಳಿಗೆ ತಾನಾಗಿಯೇ ಸಿಕ್ಕಿತು, ಯಾಕೆಂದರೆ ಈ ಸಲ ಅವಳು ಕಲ್ಲನ್ನು ನೋಡುತ್ತಿದ್ದಳು.

ನನ್ನ ತಕರಾರು ಮುಖ್ಯವಾಗಿ ಇದೇ. ಯಾರ ಮಾಹಿತಿಯೂ ಇಲ್ಲದೆ ಮೊದಲ ಸಲಕ್ಕೇ ಬೀಳದೆ ಹತ್ತುವುದನ್ನು ಆನ್‌ಸೈಟ್ ಅನ್ನುತ್ತಾರೆ. ಒಂದು ರೂಟಿಗೆ ಒಬ್ಬರಿಗೆ ಆ ಅವಕಾಶ ಒಂದೇ ಸಲ. ದೂರದಿಂದ ಬಂದವರಿಗೆ ಅದನ್ನು ಗೆರೆ ಅಳಿಸದ ನಮ್ಮ ಸೋಮಾರಿತನದಿಂದ ಇಲ್ಲದ ಹಾಗೆ ಮಾಡುವುದು ಸರಿಯಲ್ಲ.

‘ಕೊಡಗಿನ ಮಳೆ ಅಲ್ವಾ, ಎಲ್ಲ ತೊಳೆದು ಹೋಗುತ್ತೆ ಬಿಡಿ’ ಅನ್ನುವವರು ಬೇಕಾದಷ್ಟು ಜನ. ಜೂನ್‌ನಲ್ಲಿ ಬರುವ ಮಳೆಯನ್ನು ನಂಬಿ ಡಿಸೆಂಬರ್‌ನಲ್ಲಿ ಗೆರೆ ಎಳೆದರೆ, ಕನಿಷ್ಠ ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬೀಳುವವರೆಗಾದರೂ ಅದು ಅಲ್ಲೇ ಇರುತ್ತದೆ. ಮುಂದಕ್ಕೆ ಚಾಚಿದ ಬಂಡೆಯ ಅಡಿಭಾಗಕ್ಕೆ ಮಳೆಯೇ ಸರಿಯಾಗಿ ತಾಗುವುದಿಲ್ಲ. ಈ ಪುಡಿ ನೀರಿನಲ್ಲಿ ಕರಗುವುದೂ ತೀರಾ ಕಡಿಮೆ. ಬಾದಾಮಿಯ ಕೆಂಪು ಮರಳುಗಲ್ಲಿನಲ್ಲಂತೂ ಬಿಳಿ ಕಲೆ ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ.

ಕಾಣಿಸುವ ಕಲೆ ಮಾತ್ರ ಆಗಿದ್ದರೂ ಪರವಾಗಿರಲಿಲ್ಲ. 2020ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಹತ್ತುವ ಬಂಡೆಗಳನ್ನು ಪರೀಕ್ಷಿಸಿದಾಗ ಕಣ್ಣಿಗೆ ಏನೂ ಕಾಣದ ಜಾಗದಲ್ಲೂ ಚಾಕ್ ಉಳಿದಿತ್ತು, ಮತ್ತು ಅದು ಬಂಡೆಯಲ್ಲಿ ಬೆಳೆಯುವ ಕೆಲವು ಜರಿಗಿಡ, ಪಾಚಿಗಳಿಗೆ ಹಾನಿಕರ ಅಂತ ಗೊತ್ತಾಯಿತು. ನಮ್ಮ ಬಂಡೆಗಳಲ್ಲಿ ಪಾಚಿ, ಜರಿಗಿಡ ಇಲ್ಲದ ಬಿರುಕೇ ಇಲ್ಲ. ಜರ್ಮನಿಯ ಎಲ್ಬ್ ಕಣಿವೆಯ ಮರಳುಗಲ್ಲಿನಲ್ಲಿ ಚಾಕ್ ಹಚ್ಚುವುದಕ್ಕೇ ನಿಷೇಧವಿದೆ, ಅಲ್ಲಿಯವರು ಬರಿಗೈಯಲ್ಲೇ ಹತ್ತುತ್ತಾರೆ. ಅಷ್ಟರ ಮಟ್ಟಿಗೆ ಹೋಗಿ ಅಂತ ನಾನು ಹೇಳುವುದಿಲ್ಲ, ಇಲ್ಲಿನ ಸೆಕೆಗೆ ಕೈ ಒದ್ದೆಯಾಗುತ್ತದೆ.

ಇನ್ನೊಂದು ಮಾತು, ಇದು ಊರಿನದು. ಆ ಗೆರೆಗಳನ್ನು ನೋಡಿದ ತೋಟದ ಮಾಲೀಕರು ಗಾಬರಿಯಿಂದ ‘ಏನಪ್ಪಾ, ಸರ್ವೆಯವರು ಬಂದಿದ್ರಾ? ಕ್ವಾರಿಗೆ ಏನಾದ್ರೂ ಗುರುತು ಹಾಕಿದ್ದಾರಾ?’ ಅಂತ ಫೋನ್ ಮಾಡಿದರು. ಅವರ ಭಯ ಸುಮ್ನೆ ಅಲ್ಲ. ಜಾಗ ಅವರದು, ಬಿಟ್ಟುಕೊಟ್ಟಿರುವುದು ನಂಬಿಕೆಯ ಮೇಲೆ. ಅವರು ಒಂದು ಸಲ ಗೇಟು ಹಾಕಿದರೆ ಆ ಬಂಡೆ ಎಲ್ಲರಿಗೂ ಮುಚ್ಚಿದ ಹಾಗೆ.

ಗೆರೆಯೇ ಬೇಡ ಅಂತಲ್ಲ. ಹತ್ತುವಾಗ ಕಣ್ಣಿಗೆ ಮರೆಯಾಗುವ, ಕಾಲಿಡುವ ಜಾಗಕ್ಕೆ, ಕಣ್ಣು ಮಂಜಾದವರಿಗೆ ನಾನೇ ಎಳೆದುಕೊಡುತ್ತೇನೆ. ಹೆಬ್ಬೆರಳಿನ ಉಗುರಿನಷ್ಟಿದ್ದರೆ ಸಾಕು. ಉಳಿದವರನ್ನು ಹತ್ತುವ ಮೊದಲು ಬಂಡೆಯ ಬುಡದಲ್ಲಿ ನಿಲ್ಲಿಸಿ, ‘ಬಲಗಾಲು ಎಲ್ಲಿಡ್ತೀಯಾ? ಆಮೇಲೆ?’ ಅಂತ ಕೇಳುತ್ತಾ ಹೋಗುತ್ತೇನೆ. ಇದಕ್ಕೆ ಸಮಯ ಹಿಡಿಯುತ್ತದೆ, ದುಡ್ಡು ಕೊಟ್ಟು ಬಂದವರಿಗೆ ಬೇಸರವೂ ಆಗುತ್ತದೆ. ಆದರೂ ನಾನು ಬಿಡುವುದಿಲ್ಲ.

ಅಳಿಸಲು ನೈಲಾನ್ ಅಥವಾ ಹಂದಿ ಕೂದಲಿನ ಬ್ರಷ್ ಬಳಸಿ. ತಂತಿ ಬ್ರಷ್ ಕಲ್ಲನ್ನೇ ಕೆರೆಯುತ್ತದೆ, ಅದನ್ನು ಬ್ಯಾಗಿಗೇ ಹಾಕಬೇಡಿ. ದಿನದ ಕೊನೆಗೆ ಹತ್ತುವವರ ಸೊಂಟಕ್ಕೆ ನಮ್ಮಲ್ಲಿ ಬ್ರಷ್ ಸಿಕ್ಕಿಸಿ ಕಳಿಸುತ್ತೇವೆ. ಅವರು ಇಳಿಯುವಾಗ ಬಿಲೇ ಮಾಡುವವರು ಪ್ರತಿ ಗೆರೆಯ ಹತ್ತಿರ ಹಗ್ಗ ನಿಲ್ಲಿಸುತ್ತಾರೆ, ಪೂರ್ತಿ ಉಜ್ಜಿದ ಮೇಲೆಯೇ ಮುಂದಕ್ಕೆ ಬಿಡುತ್ತಾರೆ.