ಸ್ವೆಟರ್ ಕೊಡಲ್ಲ ಅಂದ ಸ್ವೆಟರ್ ವ್ಯಾಪಾರಿ

ಟಿಬೆಟನ್ನರ ನೆಲೆಯಾದ ಬೈಲುಕುಪ್ಪೆಗೆ ಹೋದವರೆಲ್ಲ ಚಿನ್ನದ ದೇಗುಲದ ಬಗ್ಗೆ ಬರೆಯುತ್ತಾರೆ. ನಾನೂ ನೋಡಿದೆ. ನಾಮ್‌ಡ್ರೋಲಿಂಗ್ ಮಠ, ಒಳಗೆ ಮೂರು ಹೊಂಬಣ್ಣದ ಮೂರ್ತಿಗಳು, ನಡುವಿನ ಬುದ್ಧ 60 ಅಡಿ. ನೋಡಲೇಬೇಕಾದದ್ದೇ. ಭಾನುವಾರ ಮಾತ್ರ ಹೋಗಬೇಡಿ, ಬುದ್ಧನಿಗಿಂತ ಸೆಲ್ಫಿ ಕೋಲುಗಳೇ ಜಾಸ್ತಿ ಕಾಣುತ್ತವೆ. ಆದರೆ ನಾನು ಬರೆಯಲು ಕೂತದ್ದು ಅದಕ್ಕಲ್ಲ. ಅಲ್ಲಿಂದ ಸ್ವಲ್ಪ ದೂರದಲ್ಲಿ, ಒಂದು ಮಣ್ಣಿನ ಮೈದಾನದ ಅಂಚಿನ ಕಲ್ಲು ಬೆಂಚಿನ ಮೇಲೆ ಕೇಳಿಸಿಕೊಂಡ ಮಾತುಗಳಿಗೆ.

ಈ ಪ್ರಯಾಣಕ್ಕೆ ಕಾರಣ ನನ್ನ ಅಕ್ಕನ ಮಗ. ಮೈಸೂರಿನಲ್ಲಿ ಡಿಗ್ರಿ ಓದುತ್ತಾನೆ, ಕಾಲೇಜು ಫುಟ್‌ಬಾಲ್ ಟೀಮಿನ ಗೋಲ್‌ಕೀಪರ್. ಡಿಸೆಂಬರ್ ಕೊನೆಗೆ ಅವರ ಟೀಮು ಶ್ರೀನಗರಕ್ಕೆ ಸ್ನೇಹಪಂದ್ಯ ಆಡಲು ಹೋಗುವುದಿತ್ತು. ಅಲ್ಲಿ ಡಿಸೆಂಬರ್ 21ರಿಂದ 40 ದಿನ ಚಿಲ್ಲೈ ಕಲಾನ್, ಅಂದರೆ ಚಳಿಗಾಲದಲ್ಲೇ ಕಡು ಚಳಿಯ ಕಾಲ. ರಾತ್ರಿ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಕೆಳಗಿಳಿದರೆ ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ನಮ್ಮ ಹುಡುಗ ಕಂಡ ಚಳಿ ಅಂದರೆ ಚಾಮುಂಡಿ ಬೆಟ್ಟದ ಬೆಳಗಿನ ಮಂಜು, ಅಷ್ಟೇ. ಅಕ್ಕ ಫೋನ್ ಮಾಡಿ, "ಬೈಲುಕುಪ್ಪೇಲಿ ಒಳ್ಳೆ ಸ್ವೆಟರ್ ಸಿಗುತ್ತಂತೆ ಕಣೋ, ಕರ್ಕೊಂಡು ಹೋಗಿ ದಪ್ಪದ್ದು ಎರಡು ಕೊಡಿಸು" ಅಂದಳು. ನಾನು ಮಂಡ್ಯದಲ್ಲಿ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳುವವನು. ರಜೆ ಇತ್ತು, ಹೊರಟೆ.

ಮೈಸೂರಿನ ಸಬರ್ಬನ್ ಬಸ್ ನಿಲ್ದಾಣದಲ್ಲಿ ಮಡಿಕೇರಿ ಬಸ್ ಹತ್ತಿದೆವು. ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣ. ಎಂಬತ್ತು ಕಿಲೋಮೀಟರ್ ಆಸುಪಾಸು. ಹುಣಸೂರು ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳು. ನಾನು ಅದನ್ನು ನೋಡುತ್ತಿದ್ದೆ, ಹುಡುಗ ಮೊಬೈಲ್ ನೋಡುತ್ತಿದ್ದ. ಅದರಲ್ಲಿ ಬೋಡೋ ಗ್ಲಿಮ್ಟ್ ಅನ್ನುವ ನಾರ್ವೆಯ ಟೀಮು. ಆರ್ಕ್ಟಿಕ್ ವೃತ್ತಕ್ಕಿಂತ ಮೇಲಿರುವ ಸಣ್ಣ ಊರಿನವರು. 2021ರ ಅಕ್ಟೋಬರ್‌ನಲ್ಲಿ ಇಟಲಿಯ ರೋಮಾ ಟೀಮನ್ನು ತಮ್ಮ ಮೈದಾನಕ್ಕೆ ಕರೆಸಿಕೊಂಡು 6-1ರಿಂದ ಚಚ್ಚಿ ಕಳಿಸಿದವರು.

"ಅವರಿಗೇನು ಮಾಮ, ಚಳಿ ರಕ್ತದಲ್ಲೇ ಇರುತ್ತೆ" ಅಂದ.

ಕೊಪ್ಪದಲ್ಲಿ ಇಳಿದು ಆಟೊ ಹಿಡಿದೆವು. ಮಠ ನೋಡಿದೆವು, ಮೊಮೊ ತಿಂದೆವು. ಮೊಮೊ ಮೇಲೆ ಮಯೊನೀಸ್ ಸುರಿಯುವ ಚಾಳಿ ಇಲ್ಲಿಗೂ ಬಂದಿದೆ. ಬೇಡ ಅಂತ ಮೊದಲೇ ಹೇಳಿ. ತುಕ್ಪಾ ಅನ್ನುವ ನೂಡಲ್ಸ್ ಸೂಪು ಮಾತ್ರ ಎರಡು ಬಟ್ಟಲು ಕುಡಿಯುವಷ್ಟು ಚೆನ್ನಾಗಿತ್ತು.

ಸ್ವೆಟರ್ ಅಂಗಡಿಯಲ್ಲಿ ಒಬ್ಬ ಹೆಂಗಸು ಕೂತಿದ್ದರು. ನಮ್ಮ ಕಥೆ ಕೇಳಿ, "ಫುಟ್‌ಬಾಲಿಗಾ? ನಮ್ಮ ಯಜಮಾನ್ರನ್ನ ಕೇಳಿ, ಮೈದಾನದಲ್ಲಿದ್ದಾರೆ" ಅಂತ ಕೈ ತೋರಿಸಿದರು.

ಮೈದಾನ ಅಂದರೆ ಕೆಂಪು ಧೂಳು. ಒಂದು ಕಡೆ ಜೆರ್ಸಿ ಹಾಕಿದ ಹುಡುಗರು. ಇನ್ನೊಂದು ಕಡೆ ಮರಿ ಸನ್ಯಾಸಿಗಳು ಕೆಂಪು ವಸ್ತ್ರವನ್ನು ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿಕೊಂಡು ಎದ್ದುಬಿದ್ದು ಆಡುತ್ತಿದ್ದರು. ಬೆಂಚಿನ ಮೇಲೆ ಐವತ್ತರ ಆಸುಪಾಸಿನ ಮನುಷ್ಯ, ಕೊರಳಲ್ಲಿ ಸೀಟಿ. ಹುಡುಗರು ಅವರನ್ನು ಗೆನ್‌ಲಾ ಅಂತ ಕರೆಯುತ್ತಿದ್ದರು. ನಮ್ಮ ಕಡೆ ಮೇಷ್ಟ್ರು ಅಂದ ಹಾಗೆ. ನಾನೂ ಹಾಗೇ ಕರೆದೆ. ಅವರ ಕನ್ನಡ ಪಿರಿಯಾಪಟ್ಟಣದ ಕನ್ನಡ.

ವಿಷಯ ಹೇಳಿದೆ. ಹುಡುಗನನ್ನು ಮೇಲಿಂದ ಕೆಳಗೆ ನೋಡಿದರು.

"ಆಡೋಕೆ ಹೋಗ್ತಿದ್ದೀಯಾ? ಹಾಗಾದ್ರೆ ಸ್ವೆಟರ್ ಕೊಡಲ್ಲ."

"ಅದನ್ನೇ ಮಾರೋದಲ್ವಾ ನೀವು?" ಅಂದೆ.

"ರೂಮಲ್ಲಿ ಹಾಕ್ಕೊಳ್ಳೋಕೆ ಒಂದು ಕೊಡ್ತೀನಿ ಸಾರ್. ಮೈದಾನಕ್ಕೆ ಬೇಡ. ಮತ್ತೆ ಇದೇನು ನಮ್ಮಜ್ಜಿ ಹೆಣೆದದ್ದು ಅಂತ ತಿಳ್ಕೋಬೇಡಿ, ಲೂಧಿಯಾನದ ಮಾಲು."

ಹುಡುಗ ಬಾಯಿ ಬಿಟ್ಟ. "ನಿಮಗೇನು ಗೆನ್‌ಲಾ, ನೀವು ಟಿಬೆಟಿನವರು. ಚಳಿ ರಕ್ತದಲ್ಲೇ..."

ಗೆನ್‌ಲಾ ಜೋರಾಗಿ ನಕ್ಕರು. "ನಾನು ಹುಟ್ಟಿದ್ದು ಇಲ್ಲೇ, ಕ್ಯಾಂಪಲ್ಲಿ. ನಮ್ಮಪ್ಪ ಹಿಮ ತುಳ್ಕೊಂಡು ಬಂದವರು. ನನಗೆ ಹಿಮ ಕಂಡಾಗ ಮೂವತ್ತು ದಾಟಿತ್ತು. ನಮ್ಮಪ್ಪನ ಚಳಿ ನನಗೆ ಬರ್ಲಿಲ್ಲ ಕಣಪ್ಪ, ಈ ಊರ ಬಿಸಿಲು ಬಂತು."

ಆಮೇಲೆ ಅವರ ಕಥೆ ಶುರುವಾಯಿತು. ದಲೈ ಲಾಮಾ ಅವರ ತಾಯಿಯ ನೆನಪಿನಲ್ಲಿ ಟಿಬೆಟನ್ನರು ನಡೆಸುವ ಕಪ್ಪಿನಲ್ಲಿ ಆಡಿದ್ದರು. ಒಮ್ಮೆ ಲೇಹ್‌ಗೆ ಹೋಗಿ ಆಡಿದ್ದರು. ಆಮೇಲೆ ಅಣ್ಣನ ಜೊತೆ ಇರಲು ಅಮೆರಿಕದ ಮಿನೆಸೋಟಾಗೆ ಹೋದರು. ಅಲ್ಲಿ ಟಿಬೆಟನ್ನರ ದೊಡ್ಡ ಸಮುದಾಯವೇ ಇದೆ. ಮನೆ ನೆನಪಾಗಿ ವಾಪಸ್ ಬಂದರು. "ಅಲ್ಲಿ ಮೊದಲ ಚಳಿಗಾಲಕ್ಕೆ ನಾನು ಸ್ವೆಟರ್ ಹಾಕ್ಕೊಂಡೇ ಆಡಿದ್ದು. ಅರ್ಧ ಗಂಟೇಲಿ ಒಳಗೆಲ್ಲ ಬೆವರು. ಬದಲಿ ಆಟಗಾರ ಇಳಿದ, ನಾನು ಹೊರಗೆ ಕೂತೆ. ಬೆವರು ತಣ್ಣಗಾಯ್ತು ನೋಡಿ, ಹಲ್ಲು ಕಟಕಟ ಶುರುವಾಯ್ತು, ನಿಲ್ಲಲೇ ಇಲ್ಲ."

ಚಳಿಯಲ್ಲಿ ಆಡುವವನ ಶತ್ರು ಚಳಿಗಿಂತ ಹೆಚ್ಚಾಗಿ ಬೆವರು ಅನ್ನುವುದು ಅವರ ವಾದ. ಫಿಸಿಕ್ಸ್ ಪ್ರಕಾರ ಸರಿಯೇ. ಒದ್ದೆ ಬಟ್ಟೆ ಒಣ ಬಟ್ಟೆಗಿಂತ ಬಹಳ ಬೇಗ ಮೈಶಾಖ ಎಳೆದುಕೊಳ್ಳುತ್ತದೆ. ಅದಕ್ಕೇ ಹತ್ತಿ ಬನಿಯನ್ ಬೇಡವೇ ಬೇಡ, ಅದು ಬೆವರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಮೈಗೆ ಅಂಟುವ ತೆಳು ಪಾಲಿಯೆಸ್ಟರ್ ಅಥವಾ ನಯವಾದ ಉಣ್ಣೆಯ ಒಳಅಂಗಿ, ಅದರ ಮೇಲೆ ಜೆರ್ಸಿ. ವಾರ್ಮ್‌ಅಪ್‌ಗೆ ಮೇಲೊಂದು ಜಾಕೆಟ್, ಆಟ ಶುರುವಾಗುವಾಗ ತೆಗೆಯುವುದು. ಒಳಅಂಗಿಯ ತೋಳು ಜೆರ್ಸಿ ತೋಳಿನ ಬಣ್ಣದ್ದೇ ಇರಬೇಕು, ಟೈಟ್ಸ್ ಹಾಕಿದರೆ ಚಡ್ಡಿಯ ಬಣ್ಣದ್ದು. ಇಲ್ಲದಿದ್ದರೆ ರೆಫರಿ ಹೊರಗೆ ಕಳಿಸುತ್ತಾರೆ. ಕುತ್ತಿಗೆಗೆ ಸುತ್ತುವ ಬಟ್ಟೆಯನ್ನು ಆಟದ ನಿಯಮ 2011ರಲ್ಲೇ ನಿಷೇಧಿಸಿದೆ, ಅದು ವಾರ್ಮ್‌ಅಪ್‌ಗೆ ಮಾತ್ರ. ಕೀಪರ್‌ಗೆ ಸ್ವಲ್ಪ ರಿಯಾಯಿತಿ ಇದೆ. ಟೋಪಿ ಹಾಕಬಹುದು, ಉದ್ದ ಟ್ರ್ಯಾಕ್ ಪ್ಯಾಂಟ್ ಹಾಕಬಹುದು.

"ನಿಂಗೇ ಕಷ್ಟ ಜಾಸ್ತಿ" ಅಂದರು ಹುಡುಗನಿಗೆ. "ಓಡೋನಿಗೆ ಚಳಿ ಮರೆತುಹೋಗುತ್ತೆ. ಕೀಪರ್ ನಿಂತೇ ಇರ್ತಾನೆ. ಬಾಲ್ ಆ ಕಡೆ ಇದ್ದಾಗ್ಲೂ ಕುಣೀತಾ ಇರು. ಗ್ಲೌಸ್ ತಣ್ಣಗಾದ್ರೆ ರಬ್ಬರ್ ಗಟ್ಟಿಯಾಗುತ್ತೆ, ಹಿಡಿತ ಹೋಗುತ್ತೆ. ಆಟ ಶುರುವಾಗೋವರೆಗೂ ಜಾಕೆಟ್ ಒಳಗೆ ಇಟ್ಕೋ. ಸಾಕ್ಸ್ ಎರಡು ಜೊತೆ ತುರುಕಿ ಶೂ ಬಿಗಿ ಮಾಡ್ಕೋಬೇಡ, ರಕ್ತ ಓಡದೆ ಬೆರಳು ಇನ್ನೂ ಬೇಗ ಮರಗಟ್ಟುತ್ತೆ."

ಮುಖಕ್ಕೆ ವ್ಯಾಸಲೀನ್ ಮೆತ್ತಿಕೊಂಡರೆ ಬೆಚ್ಚಗಿರುತ್ತಂತೆ ಅಲ್ವಾ ಅಂತ ಹುಡುಗ ಕೇಳಿದ. "ಒಡೆದ ತುಟಿಗೆ ಹಚ್ಕೋ. ಬೆಚ್ಚಗಿಡುತ್ತೆ ಅಂತ ನಂಬ್ಕೋಬೇಡ. ಗ್ಲೌಸಿಗಂತೂ ತಾಗಿಸ್ಲೇಬೇಡ." ರಮ್ ಬಗ್ಗೆ ನಾನೇ ಕೇಳಿದೆ, ಸುಮ್ನೆ ಕುತೂಹಲಕ್ಕೆ. "ಕುಡಿದ್ರೆ ಚರ್ಮ ಬಿಸಿ ಅನ್ಸುತ್ತೆ ಸಾರ್. ಒಳಗಿನ ಶಾಖ ಹೊರಗೆ ಹೋಗ್ತಾ ಇದೆ ಅಂತ ಅರ್ಥ." ಇದನ್ನು ನಾನು ಕ್ಲಾಸಲ್ಲಿ ಹೇಳುವುದಕ್ಕಿಂತ ಚೆನ್ನಾಗಿ ಹೇಳಿದರು.

2022ರ ಫೆಬ್ರುವರಿ 2ರಂದು ಗೆನ್‌ಲಾ ಸೇಂಟ್ ಪಾಲ್ ಊರಿನ ಸ್ಟೇಡಿಯಂನಲ್ಲಿದ್ದರಂತೆ. ಅಮೆರಿಕ ಮತ್ತು ಹೊಂಡುರಾಸ್ ನಡುವಿನ ವಿಶ್ವಕಪ್ ಅರ್ಹತಾ ಪಂದ್ಯ. ಶುರುವಿನಲ್ಲೇ ಸೊನ್ನೆಗಿಂತ 16 ಡಿಗ್ರಿ ಕೆಳಗೆ, ಗಾಳಿ ಬೇರೆ. ಹೊಂಡುರಾಸ್ ಬಿಸಿಲಿನ ದೇಶ. ಅಮೆರಿಕದವರೇ ಎದುರಾಳಿಗಳಿಗೂ ರೆಫರಿಗಳಿಗೂ ಬೆಚ್ಚನೆಯ ಉಡುಪು ಕೊಟ್ಟಿದ್ದರು. ಅಷ್ಟಾದರೂ ಹೊಂಡುರಾಸ್‌ನ ಗೋಲ್‌ಕೀಪರ್ ಲೂಯಿಸ್ ಲೋಪೆಸ್ ಚಳಿ ತಾಳದೆ ಎರಡನೇ ಅರ್ಧಕ್ಕೆ ಬರಲೇ ಇಲ್ಲ. ಅದೇ ಟೀಮಿನ ರೊಮೆಲ್ ಕ್ವಿಯೊಟೊ ಕೂಡ ಅಷ್ಟಕ್ಕೇ ನಿಂತ. ಅಮೆರಿಕ 3-0ಯಿಂದ ಗೆದ್ದಿತು.

"ಕೀಪರ್ ಬರ್ಲಿಲ್ವಾ?" ಅಂತ ನಮ್ಮ ಕೀಪರ್ ಸಣ್ಣ ದನಿಯಲ್ಲಿ ಕೇಳಿದ.

ಅದು ಮೋಸ ಅಂತ ನನಗನ್ನಿಸಿತು. ಅಷ್ಟು ದೊಡ್ಡ ದೇಶ, ಬೆಚ್ಚಗಿನ ಊರು ಬೇಕಾದಷ್ಟಿವೆ, ಫೆಬ್ರುವರಿಯಲ್ಲಿ ಅಲ್ಲೇ ಯಾಕೆ ಆಡಿಸಬೇಕು? ಕೆನಡಾದವರೂ 2021ರ ನವೆಂಬರ್‌ನಲ್ಲಿ ಮೆಕ್ಸಿಕೊವನ್ನು ಎಡ್ಮಂಟನ್‌ಗೆ ಕರೆಸಿ, ಸೊನ್ನೆಗಿಂತ 9 ಡಿಗ್ರಿ ಕೆಳಗಿನ ಚಳಿಯಲ್ಲಿ 2-1ರಿಂದ ಗೆದ್ದರು. ನಾನು ಹೀಗೆ ಹೇಳಿದ್ದಕ್ಕೆ ಗೆನ್‌ಲಾ ಒಪ್ಪಲಿಲ್ಲ. "ಮೆಕ್ಸಿಕೊದವರು ಎಲ್ರನ್ನೂ 2,200 ಮೀಟರ್ ಎತ್ತರಕ್ಕೆ ಕರೆಸಿ ಏದುಸಿರು ಬಿಡಿಸಲ್ವಾ ಸಾರ್? ತಮ್ಮ ಊರಲ್ಲಿ ಏನಿದೆಯೋ ಅದನ್ನ ಬಳಸ್ತಾರೆ." ನಾನು ಈಗಲೂ ಒಪ್ಪಿಲ್ಲ. ಎತ್ತರದಲ್ಲಿ ಉಸಿರು ಕಟ್ಟುವುದು ಬೇರೆ, ಬೆರಳು ಮರಗಟ್ಟುವುದು ಬೇರೆ.

ಬೋಡೋ ಮಾತು ಬಂತು. ಅಲ್ಲಿ ಹುಲ್ಲು ಕೃತಕದ್ದು, ಅದರ ಅಡಿಯಲ್ಲಿ ಬಿಸಿ ಮಾಡುವ ವ್ಯವಸ್ಥೆ ಇದೆ. ಇಂಗ್ಲೆಂಡಿನಲ್ಲಿ ಎವರ್ಟನ್ ಕ್ಲಬ್ಬು 1958ರಲ್ಲೇ ನೆಲದಡಿ ಶಾಖ ಹಾಕಿಸಿತ್ತು. "ರಕ್ತ ಅಲ್ಲ ಕಣಪ್ಪ, ಪೈಪು" ಅಂದರು ಗೆನ್‌ಲಾ. ಆದರೆ ಈ ವ್ಯವಸ್ಥೆಯನ್ನೂ ನಂಬುವ ಹಾಗಿಲ್ಲ ಅಂತ ಅವರೇ ಇನ್ನೊಂದು ಕಥೆ ತೆಗೆದರು. ಮಿನೆಸೋಟಾದ ಪಕ್ಕದ ರಾಜ್ಯದಲ್ಲಿ ಗ್ರೀನ್ ಬೇ ಅಂತ ಊರು. ಅಲ್ಲಿನದು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್. 1967ರ ಡಿಸೆಂಬರ್ 31ರ ಪಂದ್ಯದಲ್ಲಿ ನೆಲದಡಿಯ ಬಿಸಿ ಕೈಕೊಟ್ಟಿತು. ಸೊನ್ನೆಗಿಂತ 25 ಡಿಗ್ರಿ ಕೆಳಗೆ. ಲೋಹದ ಸೀಟಿ ರೆಫರಿಯ ತುಟಿಗೆ ಹೆಪ್ಪುಗಟ್ಟಿ ಅಂಟಿಕೊಂಡಿತು. ಆಮೇಲೆ ಇಡೀ ಪಂದ್ಯ ಬಾಯಲ್ಲೇ ಕೂಗಿ ನಡೆಸಿದರಂತೆ. ಹೇಳುತ್ತಾ ಗೆನ್‌ಲಾ ತಮ್ಮ ಸೀಟಿ ಮುಟ್ಟಿ ನೋಡಿಕೊಂಡರು. ಪ್ಲಾಸ್ಟಿಕ್‌ದು.

ಕತ್ತಲಾಗುತ್ತಿತ್ತು. ಮರಿ ಸನ್ಯಾಸಿಗಳು ಪ್ರಾರ್ಥನೆಗೆ ಓಡಿದರು. ಅವರು ಬಿಟ್ಟುಹೋದ ಚೆಂಡನ್ನು ಎತ್ತಿಕೊಂಡು ಗೆನ್‌ಲಾ ನನ್ನ ಕೈಗಿಟ್ಟು, "ಇದು ಚಳೀಲಿ ಏನಾಗುತ್ತೆ ಸಾರ್?" ಅಂದರು. ನನ್ನ ಕ್ಷೇತ್ರ! ಬಸ್ ಟಿಕೆಟ್ ಹಿಂದೆ ಲೆಕ್ಕ ಹಾಕಿದೆ. ಚೆಂಡಿನ ಒತ್ತಡ ನಿಯಮದ ಪ್ರಕಾರ ಹೊರಗಿನ ಗಾಳಿಯ ಒತ್ತಡಕ್ಕಿಂತ 0.6ರಿಂದ 1.1 ಅಟ್ಮಾಸ್ಫಿಯರ್‌ನಷ್ಟು ಹೆಚ್ಚಿರಬೇಕು. 25 ಡಿಗ್ರಿಯ ಕೋಣೆಯಲ್ಲಿ 0.8ಕ್ಕೆ ತುಂಬಿದರೆ, ಸೊನ್ನೆ ಡಿಗ್ರಿಯ ಮೈದಾನದಲ್ಲಿ ಅದು 0.65ರ ಹತ್ತಿರ ಇಳಿಯುತ್ತದೆ. ಇನ್ನೂ ಚಳಿಯಾದರೆ ನಿಯಮದ ಅಂಚಿಗೇ ಬಂತು. ಪುಟಿಯುವುದೂ ಕಮ್ಮಿ. ಗೆನ್‌ಲಾ ಲೆಕ್ಕ ನೋಡಿ ತಲೆಯಾಡಿಸಿದರು. "ಲೇಹ್‌ನಲ್ಲಿ ನಮಗೆ ಲೆಕ್ಕ ಗೊತ್ತಿರ್ಲಿಲ್ಲ. ಮೈದಾನಕ್ಕೆ ಹೋಗಿ ಚೆಂಡು ತಣ್ಣಗಾದ ಮೇಲೇ ಗಾಳಿ ಹೊಡೀತಿದ್ವಿ."

ಕೊನೆಗೆ ಹುಡುಗನಿಗೆ ಒಂದಷ್ಟು ಹೇಳಿ ಕಳಿಸಿದರು. ವಾರ್ಮ್‌ಅಪ್ ಇಲ್ಲಿಗಿಂತ ಉದ್ದ ಇರಲಿ, ಒಳಗೆ ಶುರು ಮಾಡಿ ಹೊರಗೆ ಮುಗಿಸಿ. ತಣ್ಣಗಿರುವ ಸ್ನಾಯು ಬೇಗ ಹಿಡಿದುಕೊಳ್ಳುತ್ತೆ. ಅರ್ಧ ಆಟಕ್ಕೆ ಒಳಗೆ ಹೋದಾಗ ಮೊದಲ ಕೆಲಸ ಒಣ ಒಳಅಂಗಿ ಬದಲಾಯಿಸೋದು, ಆಮೇಲೆ ಸಿಹಿ ಟೀ. ಹೊರಗೆ ಬಂದು ಮತ್ತೆ ಮೈ ಬಿಸಿ ಮಾಡ್ಕೊಂಡೇ ಆಡೋದು. ಬಾಯಾರಿಕೆ ಆಗಲ್ಲ ಅಂತ ನೀರು ಬಿಡಬೇಡ, ಒಣ ಗಾಳೀಲಿ ಉಸಿರಿನ ಜೊತೆಗೇ ನೀರು ಹೋಗುತ್ತೆ. ನೆಲ ಗಟ್ಟಿಯಾಗಿದ್ದರೆ ಶೂ ಅಡಿಯ ಉದ್ದ ಸ್ಟಡ್ ಕಚ್ಚಲ್ಲ, ಗಿಡ್ಡ ಸ್ಟಡ್‌ಗಳ ಶೂ ಇಟ್ಟುಕೋ.

ಶ್ರೀನಗರದಲ್ಲಿ ಈ ಕಾಲದಲ್ಲಿ ಆಡುವುದು ಹುಚ್ಚಲ್ವಾ ಅಂದೆ. ರಿಯಲ್ ಕಾಶ್ಮೀರ್ ಟೀಮು 2018-19ರ ಐ-ಲೀಗ್‌ನಲ್ಲಿ ಅಲ್ಲಿನ ಕೃತಕ ಹುಲ್ಲಿನ ಮೇಲೆ ಚಳಿಗಾಲದಲ್ಲೇ ಆಡಿತ್ತು ಅಂತ ಹುಡುಗನೇ ಉತ್ತರ ಕೊಟ್ಟ.

ರಾತ್ರಿ ಉಳಿದುಕೊಂಡದ್ದರ ಬಗ್ಗೆ ಒಂದು ಮಾತು. ಲಾಡ್ಜಿನ ಬೋರ್ಡಿನಲ್ಲಿ '24 ಗಂಟೆ ಬಿಸಿನೀರು' ಅಂತ ದಪ್ಪಕ್ಷರದಲ್ಲಿತ್ತು. ಬೆಳಿಗ್ಗೆ ಆರಕ್ಕೆ ನಲ್ಲಿ ತಿರುಗಿಸಿದರೆ ಕೊರೆಯುವ ನೀರು. ಕೆಳಗಿನವನು, "ನಿನ್ನೆ ಮೋಡ ಇತ್ತಲ್ಲ ಸಾರ್, ಸೋಲಾರು" ಅಂತ ನಕ್ಕ. ಬಕೆಟ್ ಬಿಸಿನೀರಿಗೆ ಬೇರೆ ದುಡ್ಡು ಕೇಳಿದ. ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತದೆ. ನೀವು ಹೋದರೆ ಮುಂಗಡ ಕೊಡುವ ಮುಂಚೆ ಗೀಸರ್ ಇದೆಯಾ ಅಂತ ಕೇಳಿ, ಇದೆ ಅಂದರೂ ಆನ್ ಮಾಡಿಸಿ ನೋಡಿ. ನಮ್ಮ ಕೀಪರ್ ಮಾತ್ರ ಅಭ್ಯಾಸವಾಗಲಿ ಅಂತ ತಣ್ಣೀರಲ್ಲೇ ಮಿಂದು, ಮಧ್ಯಾಹ್ನದವರೆಗೂ ಸೀನಿದ.

ಗೆನ್‌ಲಾ ಹೆಂಡತಿ ಒಂದೇ ಸ್ವೆಟರ್ ಕೊಟ್ಟರು. ಎರಡನೆಯದು ಕೇಳಿದರೂ ಕೊಡಲಿಲ್ಲ. ಉಳಿದ ದುಡ್ಡಲ್ಲಿ ಮೈಸೂರಿಗೆ ಬಂದು ಆಟದ ಸಾಮಾನಿನ ಅಂಗಡಿಯಲ್ಲಿ ಕಪ್ಪು ಒಳಅಂಗಿ, ಟೈಟ್ಸ್, ಕೈಪಂಪು ಕೊಂಡೆವು. ಚೆಂಡಿನ ಗಾಳಿ ಅಳೆಯುವ ಗೇಜ್ ಕೇಳಿದಾಗ ಅಂಗಡಿಯವರು, "ಕೈಯಲ್ಲಿ ಒತ್ತಿ ನೋಡಿದ್ರೆ ಸಾಕಲ್ವೇನಪ್ಪಾ?" ಅಂದರು. ಹುಡುಗ ನನ್ನ ಜೇಬಿನಿಂದ ಬಸ್ ಟಿಕೆಟ್ ಎಳೆದು 0.8, 0.65 ಅಂತ ಶುರು ಮಾಡಿದ. ಅಂಗಡಿ ಮುಚ್ಚುವ ಹೊತ್ತು. ಅವರು ಅರ್ಧ ಷಟರ್ ಎಳೆದು, "ಆಯ್ತು, ಒಪ್ಕೊಂಡೆ, ಗೇಜ್ ತಗೊಂಡು ಹೊರಡಪ್ಪ" ಅಂದರು.