ಗಿಟಾರ್ ಎಲ್‌ಪಿ ರೀಇಶ್ಯೂ: ಟೆಸ್ಟ್ ಪ್ರೆಸ್ಸಿಂಗ್ ಬಂದಾಗ ಮೊದಲು ಕೊನೆಯ ಮೂರು ನಿಮಿಷ ಕೇಳಿ

ಹಳೆಯ ಎಲ್‌ಪಿಯನ್ನು ಮತ್ತೆ ಬಿಡುಗಡೆ ಮಾಡುವಾಗ, ಎಲ್ಲ ಪ್ರತಿ ಒತ್ತುವ ಮುನ್ನ ಒಪ್ಪಿಗೆಗೆಂದು ಪ್ಲಾಂಟ್ ಕಳಿಸುವ ಮಾದರಿ ಡಿಸ್ಕೇ ಟೆಸ್ಟ್ ಪ್ರೆಸ್ಸಿಂಗ್. ಅದು ಕೈಗೆ ಬಂದ ಕೂಡಲೇ ಎಲ್ಲರೂ ಸೂಜಿ ಇಡುವುದು ಹೊರ ಅಂಚಿಗೆ. ಮೊದಲ ಹಾಡು ಚೆನ್ನಾಗಿ ಕೇಳಿಸಿತು, ಸಹಿ ಬಿತ್ತು. ಡ್ರಮ್ಸ್, ಬಾಸ್ ತುಂಬಿದ ಆಲ್ಬಮ್ಮಿನಲ್ಲಿ ಈ ಅವಸರ ಕೆಲವೊಮ್ಮೆ ನಡೆದೀತು. ಬರೀ ಅಕೂಸ್ಟಿಕ್ ಗಿಟಾರ್ ಇದ್ದರೆ ನಡೆಯುವುದಿಲ್ಲ. ತಂತಿಯ ನಾದ ಕರಗುವಾಗ ಉಳಿಯುವ ಮೌನದಲ್ಲಿ ಪ್ಲಾಸ್ಟಿಕ್ಕಿನ ಪ್ರತಿ ತಪ್ಪೂ ಕೇಳಿಸುತ್ತದೆ.

ಉದಾಹರಣೆಗೆ ‘ಫ್ರೈಡೇ ನೈಟ್ ಇನ್ ಸ್ಯಾನ್ ಫ್ರಾನ್ಸಿಸ್ಕೋ’ ತೆಗೆದುಕೊಳ್ಳಿ. 1980ರ ಡಿಸೆಂಬರ್ 5ರಂದು ವಾರ್‌ಫೀಲ್ಡ್ ಥಿಯೇಟರಿನಲ್ಲಿ ನಡೆದ ಕಛೇರಿ. ಎಲ್‌ಪಿ ಬಂದದ್ದು 1981ರಲ್ಲಿ. ಆಲ್ ಡಿ ಮಿಯೋಲಾ, ಪಾಕೋ ದೆ ಲುಸಿಯಾ, ‘ಶಕ್ತಿ’ ತಂಡದಿಂದ ನಮಗೆಲ್ಲ ಪರಿಚಿತರಾದ ಜಾನ್ ಮೆಕ್‌ಲಾಫ್ಲಿನ್. ಗಿಟಾರ್ ಬಿಟ್ಟರೆ ಬೇರೆ ವಾದ್ಯವಿಲ್ಲ. ಪ್ರತಿ ಬದಿಗೆ ಸುಮಾರು 20 ನಿಮಿಷ. ನಿಮಿಷಕ್ಕೆ 33⅓ ಸುತ್ತಿನ ವೇಗಕ್ಕೆ ಹಿತವಾದ ಅಳತೆ ಇದು. ಇಂಥ ಆಲ್ಬಮ್ಮಿಗೆ ಬೋನಸ್ ಹಾಡು ಸೇರಿಸಿ ಬದಿಯನ್ನು 25 ನಿಮಿಷಕ್ಕೆ ಎಳೆಯಲು ಯಾರಾದರೂ ಹೇಳಿದರೆ ಒಪ್ಪಬೇಡಿ. ಗ್ರೂವ್‌ಗಳು (ಸೂಜಿ ಸಾಗುವ ಗೀರುಗಳು) ಒತ್ತೊತ್ತಾಗುತ್ತವೆ, ಲೆವೆಲ್ ಇಳಿಸಬೇಕಾಗುತ್ತದೆ, ಮೇಲ್ಮೈ ಸದ್ದು ಗಿಟಾರಿನ ಪಕ್ಕಕ್ಕೇ ಬಂದು ಕೂರುತ್ತದೆ. ಬೇಕಿದ್ದರೆ ಎರಡನೇ ಡಿಸ್ಕ್ ಮಾಡಿ.

ಬದಿಯ ಕೊನೆ ಬರುವುದು ಲೇಬಲ್ಲಿನ ಬಳಿಯ ಒಳಭಾಗದಲ್ಲಿ. ಅಲ್ಲಿನ ತೊಂದರೆ ಲೆಕ್ಕದಲ್ಲೇ ಇದೆ. ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗ್ರೂವ್ ಸಾಗುತ್ತದೆ, ಲೇಬಲ್ಲಿನ ಬಳಿ ಸುಮಾರು 21. ಸ್ಟೀಲ್ ತಂತಿಗೆ ಪಿಕ್ ತಾಗುವ ಆ ಚೂಪು ಸದ್ದು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಮುದುಡಿಕೊಂಡು ಒಡೆದಂತೆ ಕೇಳಿಸುತ್ತದೆ. ಅಲ್ಲಿ ಟ್ರೆಬಲ್ ಏರಿಸಿ ಸರಿಮಾಡಲು ಹೊರಟರೆ ಇನ್ನಷ್ಟು ಕೆಡುತ್ತದೆ. ಮೂಲ ಡಿಸ್ಕಿಗೆ ಗ್ರೂವ್ ಕೊರೆಯುವಾಗಿನ ಧ್ವನಿಮಟ್ಟವನ್ನೇ (ಕಟಿಂಗ್ ಲೆವೆಲ್) ಅರ್ಧದಿಂದ ಒಂದು ಡೆಸಿಬಲ್ ಇಳಿಸುವುದು ಮೇಲು. ಚಪ್ಪಾಳೆಗೂ ಎಚ್ಚರ ಬೇಕು: ಎಡೆಬಿಡದ ಹೈ ಫ್ರೀಕ್ವೆನ್ಸಿಯಿಂದ ಗ್ರೂವ್ ಕೊರೆಯುವ ಕಟರ್ ಹೆಡ್ಡಿನ ಕಾಯಿಲ್ ಬಿಸಿಯಾಗುತ್ತದೆ. ಟೇಪಿನ ಹಿಸ್ (‘ಸ್ಸ್’ ಎನ್ನುವ ಹಿನ್ನೆಲೆ ಸದ್ದು) ತೆಗೆಯಲು ಡೀನಾಯ್ಸ್ ಎಂಬ ಸದ್ದು ಅಳಿಸುವ ಉಪಾಯ ಹಾಕಿದರಂತೂ ಬೆರಳು ತಂತಿಯ ಮೇಲೆ ಜಾರುವ ಸದ್ದು, ಸಭಾಂಗಣದ ಗಾಳಿ ಎಲ್ಲವೂ ಅದರ ಜೊತೆಗೇ ಹೋಗುತ್ತವೆ. ಹಿಸ್ ಇರಲಿ ಬಿಡಿ.

ಇನ್ನು ತೂತಿನ ವಿಷಯ. ನಡುವಿನ ತೂತು 0.2 ಮಿಲಿಮೀಟರ್ ಜರುಗಿದರೆ ಹೊರ ಅಂಚಿನಲ್ಲಿ ಶ್ರುತಿ ಮೇಲಕ್ಕೂ ಕೆಳಕ್ಕೂ ಶೇ. 0.14ರಷ್ಟು ಓಲಾಡುತ್ತದೆ, ಒಳಗೆ ಆರು ಸೆಂಟಿಮೀಟರ್ ತ್ರಿಜ್ಯದಲ್ಲಿ ಶೇ. 0.33ರಷ್ಟು. ಓಡುವ ಸ್ವರಗಳಲ್ಲಿ ಗೊತ್ತಾಗದು. ಬದಿಯ ಕೊನೆಯ ಸ್ವರ ಮೀಟಿ ಬಿಟ್ಟಾಗ ಅದು ಅಲುಗಾಡುವುದು ಸ್ಪಷ್ಟ. ಸೂಜಿ ಹಿಡಿದಿರುವ ತೋಳು (ಟೋನ್‌ಆರ್ಮ್) ಪ್ರತಿ ಸುತ್ತಿಗೂ ಎಡಕ್ಕೂ ಬಲಕ್ಕೂ ತೂಗುತ್ತಿದೆಯೇ ಎಂದು ಕಣ್ಣಿಟ್ಟು ನೋಡಿದರೂ ಸಾಕು.

ಒಂದು ಸುತ್ತಿಗೆ 1.8 ಸೆಕೆಂಡ್. ತಪ್ಪು ಎಲ್ಲಿಯದು ಎಂದು ಹೇಳಿಕೊಡುವುದು ಈ ಅಂಕಿಯೇ. ಜೋರು ಸ್ವರಕ್ಕೆ ಸರಿಯಾಗಿ 1.8 ಸೆಕೆಂಡ್ ಮುಂಚೆ ಅದರ ನೆರಳು ಕೇಳಿಸಿದರೆ ಪಕ್ಕದ ಗ್ರೂವಿನ ಪ್ರಭಾವ. ಕಟಿಂಗಿನಲ್ಲಿ ಅಲ್ಲಿ ಹೆಚ್ಚು ಜಾಗ ಬಿಡಬೇಕು. ಅಂತರ ಒಂದರಿಂದ ಎರಡು ಸೆಕೆಂಡಿನ ನಡುವೆ ಬದಲಾಗುತ್ತಾ ಹೋದರೆ ಅದು ಮಾಸ್ಟರ್ ಟೇಪಿನದೇ ಪ್ರಿಂಟ್-ಥ್ರೂ: ಸುತ್ತಿಟ್ಟ ಟೇಪಿನ ಒಂದು ಪದರದ ಸದ್ದು ಪಕ್ಕದ ಪದರಕ್ಕೆ ಅಂಟಿದ್ದು. ಎಷ್ಟು ಸಲ ಹೊಸದಾಗಿ ಕಟ್ ಮಾಡಿದರೂ ಹೋಗದು.

ಟಿಕ್ ಸದ್ದಿಗೆ ಒಂದೇ ಪ್ರತಿ ಕೇಳಿ ತೀರ್ಮಾನಿಸಬೇಡಿ. ಕನಿಷ್ಠ ಐದು ಪ್ರತಿ ತೊಳೆದು ಒಣಗಿಸಿ ಕೇಳಿ. ಒಂದರಲ್ಲಿ ಮಾತ್ರ ಇದ್ದರೆ ಧೂಳೋ ಒತ್ತುವಾಗಿನ ಕಸವೋ. ಐದರಲ್ಲೂ ಅದೇ ಜಾಗದಲ್ಲಿದ್ದರೆ ಲೋಹದ ಅಚ್ಚಿನದು: ಡಿಸ್ಕ್ ಒತ್ತುವ ಅಚ್ಚನ್ನು (ಸ್ಟ್ಯಾಂಪರ್) ತಯಾರಿಸಲು ಬಳಸುವ ಮದರ್ ಪ್ಲೇಟ್ ಎಂಬ ಲೋಹದ ತಟ್ಟೆಯನ್ನು ನುಡಿಸಿ ನೋಡಲು ಹೇಳಿ. ಅದು ಶುದ್ಧವಾಗಿದ್ದರೆ ಹೊಸ ಸ್ಟ್ಯಾಂಪರ್ ಸಾಕು, ಅದರಲ್ಲೂ ಇದ್ದರೆ ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಬೇಕು. ಬಟ್ಟೆ ಹರಿದಂಥ ‘ಝರ್’ ಸದ್ದು ಒಂದೇ ಕಡೆಯ ಸ್ಪೀಕರಿನಲ್ಲಿ ಬಂದರೆ ಅದು ನಾನ್-ಫಿಲ್: ಕಾವು ಅಥವಾ ಸಮಯ ಸಾಲದೆ ಪಿವಿಸಿ (ಡಿಸ್ಕಿನ ಪ್ಲಾಸ್ಟಿಕ್) ಗ್ರೂವಿನೊಳಗೆ ಪೂರ್ತಿ ಇಳಿದಿಲ್ಲ. 180 ಗ್ರಾಮಿನ ದಪ್ಪ ಡಿಸ್ಕಿಗೂ ಇದು ತಪ್ಪಿದ್ದಲ್ಲ. ಬೆಳಕಿಗೆ ಓರೆಯಾಗಿ ಹಿಡಿದರೆ ಅಲ್ಲಿ ಮಂಕು ಕಲೆ ಕಾಣುವುದೂ ಉಂಟು.

ತಿರಸ್ಕರಿಸುವಾಗ ‘ಸದ್ದು ಜಾಸ್ತಿ’ ಎಂದು ಬರೆದರೆ ಪ್ಲಾಂಟಿನವರಿಗೆ ಹುಡುಕಲು ಏನೂ ಸಿಗುವುದಿಲ್ಲ. ಹೀಗೆ ಬರೆಯಿರಿ: ‘ಬಿ ಬದಿ, 14 ನಿಮಿಷ 22 ಸೆಕೆಂಡ್, ಎಡ ಚಾನೆಲ್, 1.8 ಸೆಕೆಂಡಿಗೊಮ್ಮೆ ಟಿಕ್, ಆರು ಸುತ್ತು, ಐದೂ ಪ್ರತಿಗಳಲ್ಲಿ.’