ಐದು ಮೂಟೆ ಭಾರದ ಕೆಳಗೆ

ಕಾಫಿ ಕೊಯ್ಲು ಶುರುವಾದ ಮೇಲೆ ಅಪ್ಪನ ಫೋನ್ ಬರುವುದು ರಾತ್ರಿ ಒಂಬತ್ತು ದಾಟಿದ ಮೇಲೆಯೇ. ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರ ನಿಲ್ಲಿಸಿ, ಆಳುಗಳ ಲೆಕ್ಕ ಮುಗಿಸಿ, ಕೈಕಾಲು ತೊಳೆದು ಕೂತ ಹೊತ್ತು ಅದು. ಇಲ್ಲಿ ಜಪಾನಿನಲ್ಲಿ ಆಗ ಹನ್ನೆರಡೂವರೆ. ಸಮುದ್ರದ ತಳದ ಸೂಕ್ಷ್ಮಜೀವಿಗಳನ್ನು ಲ್ಯಾಬಿನಲ್ಲಿ ಬೆಳೆಸುವುದು ನನ್ನ ಕೆಲಸ. ನಾನು ಎದ್ದೇ ಇರುತ್ತೇನೆ.

"ಎದ್ದವಾ ಮಗಾ ನಿನ್ ಹುಳ?"

"ಇನ್ನೂ ಇಲ್ಲಪ್ಪ."

ಸಕಲೇಶಪುರದ ನಮ್ಮ ಮನೆಯಲ್ಲಿ ಸೂಕ್ಷ್ಮಜೀವಿ ಅಂತ ಯಾರೂ ಹೇಳುವುದಿಲ್ಲ, ಹುಳ ಅಂತಲೇ ಹೇಳುವುದು. ಆದರೆ ಅವುಗಳ ಕೆಲಸ ಅಪ್ಪನಿಗೆ ನನಗಿಂತ ಮೊದಲೇ ಗೊತ್ತು. ಸಿಪ್ಪೆ ತೆಗೆದ ಅರೇಬಿಕಾ ಬೀಜ ತೊಟ್ಟಿಗೆ ಬೀಳುವಾಗ ಲೋಳೆ ಲೋಳೆ. ಒಂದು ದಿನ, ಚಳಿ ಜಾಸ್ತಿ ಇದ್ದರೆ ಒಂದೂವರೆ ದಿನ. ಅಷ್ಟರಲ್ಲಿ ಹುಳ ಲೋಳೆಯನ್ನು ತಿಂದು ಬಿಡಿಸಿರುತ್ತದೆ. ಅಪ್ಪ ತೊಟ್ಟಿಗೆ ಕೈ ಹಾಕಿ ಒಂದು ಹಿಡಿ ಬೀಜ ಹಿಸುಕಿ ನೋಡುತ್ತಾರೆ. ಸಣ್ಣ ಜಲ್ಲಿಕಲ್ಲಿನ ಹಾಗೆ ತರಿತರಿ ಅನ್ನಿಸಿದರೆ ತೊಳೆಯುವ ಹೊತ್ತಾಯಿತು ಅಂತ ಅರ್ಥ.

ನನ್ನ ತೊಟ್ಟಿಗೆ ಕೈ ಹಾಕುವ ಹಾಗಿಲ್ಲ. ಅದು ದೊಡ್ಡ ಫ್ಲಾಸ್ಕಿನಷ್ಟು ಗಾತ್ರದ, ತುಂಬಾ ದಪ್ಪ ಗೋಡೆಯ ಉಕ್ಕಿನ ಪಾತ್ರೆ. ಒಳಗೆ ಒಂದು ಮೆತ್ತನೆಯ ಚೀಲ, ಚೀಲದೊಳಗೆ ಸಮುದ್ರದ ತಳದಿಂದ ತಂದ ಬೂದು ಬಣ್ಣದ ಕೆಸರು. ಸುತ್ತ ನೀರು ತುಂಬಿಸಿ, ಮುಚ್ಚಳ ಬಿಗಿದು, ಕೈಪಂಪಿನಲ್ಲಿ ಒತ್ತಡ ಏರಿಸುತ್ತೇವೆ. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದರೆ ಒತ್ತಡ ಒಂದು ವಾತಾವರಣದಷ್ಟು ಹೆಚ್ಚುತ್ತದೆ. ಎರಡೂವರೆ ಕಿಲೋಮೀಟರ್ ಆಳದಲ್ಲಿ ಸುಮಾರು 250 ಪಟ್ಟು. ಅಮ್ಮನ ಕುಕ್ಕರ್ ಸೀಟಿ ಹಾಕುವಾಗ ಒಳಗೆ ಹೆಚ್ಚಾಗಿರುವುದು ಒಂದೇ ಒಂದು ಪಟ್ಟು. ಅಪ್ಪನಿಗೆ ನಾನು ಹೀಗೆ ಹೇಳಿದೆ: ಹೆಬ್ಬೆರಳಿನ ಉಗುರಿನ ಮೇಲೆ 50 ಕೆ.ಜಿ.ಯ ಐದು ಮೂಟೆ ಕಾಫಿ ಹೇರಿದ ಹಾಗೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅದ್ರಡೀಲಿ ಜೀವ ಹೆಂಗಿರ್ತದೆ?" ಅಂದರು.

ಇದಕ್ಕೆ ಉತ್ತರ ನಮ್ಮ ಅಡುಗೆಮನೆಯಲ್ಲೇ ಇದೆ. ಡಿಸೆಂಬರ್ ಚಳಿಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ, ಒಲೆ ಪಕ್ಕ ಇಟ್ಟು ಕರಗಿಸುತ್ತೇವೆ ಅಲ್ವಾ? ಜೀವಕೋಶದ ಸುತ್ತಲಿನ ಪೊರೆಯೂ ಕೊಬ್ಬಿನದ್ದೇ. ಒತ್ತಡ ಬಿದ್ದರೆ ಅದೂ ಹಾಗೆಯೇ ಗಡುಸಾಗುತ್ತದೆ. ಆಳದ ಎಷ್ಟೋ ಬ್ಯಾಕ್ಟೀರಿಯಾಗಳು ಸುಲಭಕ್ಕೆ ಹೆಪ್ಪುಗಟ್ಟದ ಕೊಬ್ಬನ್ನೇ ಹೆಚ್ಚು ಮಾಡಿಕೊಂಡು ಪೊರೆಯನ್ನು ಮೆತ್ತಗೆ ಇಟ್ಟುಕೊಳ್ಳುತ್ತವೆ. ಕೆಲವಕ್ಕೆ ಒತ್ತಡ ಇಲ್ಲದೆ ಬದುಕೇ ಇಲ್ಲ. ಮರಿಯಾನಾ ಕಂದಕದ ಅಂಥ ಒಂದು ಬ್ಯಾಕ್ಟೀರಿಯಾವನ್ನು ಯಾಯಾನೋಸ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು 1981ರಲ್ಲಿ ವರದಿ ಮಾಡಿದರು. ನಾವು ಉಸಿರಾಡುವ ಈ ಹಗುರ ಒತ್ತಡದಲ್ಲಿ ಅದು ಬೆಳೆಯುವುದೇ ಇಲ್ಲ.

ನಾನು ಬೆಳೆಸುತ್ತಿರುವುದು ಮೀಥೇನ್ ತಿನ್ನುವ ಹುಳಗಳನ್ನು. ಕೆಸರಿನ ಆಳದಿಂದ ಮೀಥೇನ್ ಮೇಲೆ ಬರುತ್ತಲೇ ಇರುತ್ತದೆ. ಅದರ ಬಹುಪಾಲನ್ನು ಈ ಜೀವಿಗಳು ಸಮುದ್ರದ ನೀರಿಗೆ ಸೇರುವ ಮೊದಲೇ ತಿಂದುಬಿಡುತ್ತವೆ. ಗಾಳಿಯನ್ನು ಬಿಸಿ ಮಾಡುವ ಅನಿಲ ಅದು. ಹಾಗಾಗಿ ಇವು ನಮಗೆಲ್ಲ ಎಂಥ ಉಪಕಾರ ಮಾಡುತ್ತಿವೆ ಅಂತ ನೆನೆದಾಗೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ. ಒಂದು ಜಾತಿಯ ಆರ್ಕಿಯಾ (ಬ್ಯಾಕ್ಟೀರಿಯಾದ ಹಾಗೇ ಕಾಣುವ, ಆದರೆ ಬೇರೆಯೇ ವಂಶದ ಸೂಕ್ಷ್ಮಜೀವಿ), ಅದರ ಜೊತೆಗೆ ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾ, ಎರಡೂ ಅಂಟಿಕೊಂಡು ಬಾಳುತ್ತವೆ. ಆ ಆರ್ಕಿಯಾವನ್ನು ಬಿಡಿಸಿ ಒಂಟಿಯಾಗಿ ಬೆಳೆಸುವುದು ಇನ್ನೂ ಯಾರ ಕೈಯಲ್ಲೂ ಆಗಿಲ್ಲ. ಒಂದು ಎರಡಾಗಲು ತಿಂಗಳುಗಳೇ ಬೇಕು. ಇವಕ್ಕೆ ಒತ್ತಡ ಯಾಕೆ ಅಂದರೆ ಗೋಲಿ ಸೋಡಾ ನೆನಪಿಸಿಕೊಳ್ಳಿ. ಗೋಲಿ ಬಿಗಿದಿರುವ ತನಕ ಗ್ಯಾಸ್ ನೀರಲ್ಲೇ ಕರಗಿರುತ್ತದೆ, ಒತ್ತಿದ ತಕ್ಷಣ ಬುಸ್ಸೆಂದು ಹೋಗುತ್ತದೆ. ಒತ್ತಡ ಹೆಚ್ಚಿದಷ್ಟೂ ಮೀಥೇನ್ ಜಾಸ್ತಿ ಕರಗುತ್ತದೆ, ಇವಕ್ಕೆ ಊಟ ಜಾಸ್ತಿ ಸಿಗುತ್ತದೆ.

ಗಾಳಿ ಮಾತ್ರ ಸೋಕಬಾರದು. ನೀರು ಕುದಿಸಿ, ನೈಟ್ರೋಜನ್ ಹಾಯಿಸಿ ಆಮ್ಲಜನಕ ಓಡಿಸುತ್ತೇವೆ. ಒಂದು ಬಣ್ಣದ ಪುಡಿ ಹಾಕಿರುತ್ತೇವೆ. ನೀರು ನಸುಗೆಂಪಾದರೆ ಗಾಳಿ ಒಳಗೆ ಬಂದಿದೆ ಅಂತ ಲೆಕ್ಕ.

ಹೋದ ವರ್ಷ ನನಗೆ ಆದದ್ದು ಅದೇ. ಮುಚ್ಚಳದ ರಬ್ಬರ್ ಉಂಗುರದಲ್ಲಿ ಕೂದಲೆಳೆಯಷ್ಟು ಗೀರು ಇತ್ತು, ನಾನು ನೋಡಿರಲಿಲ್ಲ. ಶುಕ್ರವಾರ ಸಂಜೆ ಮುಳ್ಳು 250ರಲ್ಲಿತ್ತು. ಸೋಮವಾರ ಬಂದು ನೋಡಿದರೆ ಸೊನ್ನೆ. ಚೀಲ ತೆಗೆದರೆ ನೀರು ನಸುಗೆಂಪು. ಐದು ತಿಂಗಳ ಕೆಲಸ. ಅವತ್ತು ಅಪ್ಪನಿಗೆ ನಾನೇ ಫೋನ್ ಮಾಡಿ ಅತ್ತೆ. ಅವರು ಪೂರ್ತಿ ಕೇಳಿಸಿಕೊಂಡು, "ಹೂ ಮಳೆ ಕೈಕೊಟ್ಟ ವರ್ಷ ನಾನೇನ್ ಗಿಡ ಕಿತ್ತಾಕಿದ್ನಾ?" ಅಂದರು. ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆ ಅದು. ಮರುದಿನ ಹೊಸ ಉಂಗುರ ಹಾಕಿ ಮತ್ತೆ ಶುರು ಮಾಡಿದೆ.

ಇಲ್ಲಿಯವರ ತಾಳ್ಮೆ ನೋಡಿಯೇ ಕಲಿಯಬೇಕು. 2006ರಲ್ಲಿ ಶಿಂಕಾಯ್ 6500 ಎಂಬ ಜಲಾಂತರ್ಗಾಮಿ ನಾನ್‌ಕಾಯ್ ಪ್ರದೇಶದಲ್ಲಿ, 2533 ಮೀಟರ್ ಆಳದಿಂದ ಕೆಸರು ತಂದಿತು. ವಿಜ್ಞಾನಿ ಇಮಾಚಿ ಮತ್ತು ಅವರ ಜೊತೆಗಾರರು ಅದರಿಂದ ಒಂದು ಆರ್ಕಿಯಾವನ್ನು ಬೆಳೆಸಿ 2020ರಲ್ಲಿ ವಿವರ ಪ್ರಕಟಿಸಿದರು. ಹನ್ನೆರಡು ವರ್ಷದ ದುಡಿಮೆ. ನಮ್ಮ ಮೈಯಲ್ಲಿರುವಂಥ ದೊಡ್ಡ ಜೀವಕೋಶಗಳ ಮೂಲಕ್ಕೆ ಹತ್ತಿರದ ನೆಂಟ ಅದು. ಅದು ಎರಡಾಗಲು 14ರಿಂದ 25 ದಿನ. ಅದನ್ನು ಬೆಳೆಸಲು ಒತ್ತಡದ ಪಾತ್ರೆ ಬಳಸಿರಲಿಲ್ಲ. ಮೊದಲು ಸ್ಪಂಜಿನ ತುಂಡುಗಳನ್ನು ನೇತುಹಾಕಿ, ಅದರ ಮೇಲೆ ನೀರು ತೊಟ್ಟಿಕ್ಕಿಸಿ, 2000 ದಿನಕ್ಕೂ ಹೆಚ್ಚು ಕಾಲ ಮೀಥೇನ್ ಉಣಿಸಿದರು. ಮೂಲದಲ್ಲಿ ಅದು ಚರಂಡಿ ನೀರು ಶುದ್ಧ ಮಾಡುವ ವಿಧಾನ. ನಮ್ಮ ದೇಶದಲ್ಲೂ, ಹರಿಯಾಣದ ಕರ್ನಾಲ್‌ನಲ್ಲಿ, ಅದರ ಪ್ರಯೋಗ ನಡೆದಿದೆ ಅಂತ ಓದಿದಾಗ ಸುಮ್ನೆ ಖುಷಿಯಾಯಿತು.

ಚಿಕ್ಕವಳಿದ್ದಾಗ ಅಪ್ಪ ಮಂಕನಹಳ್ಳಿ ಹತ್ತಿರದ ರಿಡ್ಜ್ ಕಲ್ಲು ತೋರಿಸಿದ್ದರು. ಒಂದು ಬದಿಗೆ ಬಂಗಾಳ ಕೊಲ್ಲಿ, ಇನ್ನೊಂದು ಬದಿಗೆ ಅರಬ್ಬೀ ಸಮುದ್ರ ಅಂತ ಅದರ ಮೇಲೆ ಬರೆದಿದೆ. ಈ ಕಡೆ ಬಿದ್ದ ಹನಿ ಹೇಮಾವತಿಗೆ, ಆ ಕಡೆ ಬಿದ್ದದ್ದು ಘಟ್ಟ ಇಳಿದು ನೇತ್ರಾವತಿಗೆ. ಮಳೆಯ ಜೊತೆ ಹೋದ ಮಣ್ಣು ಕೊನೆಗೆ ಏನಾಗುತ್ತದೆ ಅಂತ ಅವತ್ತು ಕೇಳಿದ್ದೆ. "ಸಮುದ್ರದ ತಳದಲ್ಲಿ ಕೂತ್ಕತದೆ" ಅಂದಿದ್ದರು.

ಹಾಗೆ ತಳದಲ್ಲಿ ಕೂತ ಮಣ್ಣನ್ನು ನೋಡಲು ನಾನು ಇಲ್ಲಿಯ ಕೋಚಿ ಎಂಬ ಊರಿಗೆ ಹೋಗಿ ಬಂದೆ. 2015ರಲ್ಲಿ ಅರಬ್ಬೀ ಸಮುದ್ರದ ತಳ ಕೊರೆದು ತೆಗೆದ ಮಣ್ಣಿನ ಕಂಬಗಳನ್ನು ಅಲ್ಲಿ ತಣ್ಣಗೆ ಇಟ್ಟಿದ್ದಾರೆ. ಬಹುಪಾಲು ಸಿಂಧೂ ನದಿ ಹೊತ್ತು ತಂದದ್ದು, ನಮ್ಮ ಘಟ್ಟದ್ದಲ್ಲ. ಆದರೂ ಅದರ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, "ಕೊಚ್ಚಿಗಂಟ ಬಂದೋಳು ಮನೆಗೆ ಬರ್ಬಾರ್ದಿತ್ತಾ?" ಅಂದರು. ಅದು ಕೇರಳದ ಕೊಚ್ಚಿ ಅಲ್ಲ ಅಂತ ತಿಳಿಸಿ ಹೇಳುವಾಗ ನನ್ನ ಗಂಟಲು ಕಟ್ಟಿತ್ತು.

ಈ ವಾರ ನಾಲ್ಕನೇ ತಿಂಗಳ ಸ್ಯಾಂಪಲ್ ತೆಗೆದೆ. ಹುಳ ಮೀಥೇನ್ ತಿಂದರೆ ಸಲ್ಫೈಡ್ ಹುಟ್ಟುತ್ತದೆ, ಪರೀಕ್ಷೆಯಲ್ಲಿ ಅದು ನೀಲಿ ಬಣ್ಣ ಕೊಡುತ್ತದೆ. ಮೀಥೇನ್ ಹಾಕದ ಪಾತ್ರೆಯದ್ದು ತಿಳಿ ನೀಲಿ. ಮೀಥೇನ್ ಹಾಕಿದ್ದು ಒಂದು ಚೂರು ದಟ್ಟ. ಒಂದೇ ಚೂರು. ಮೂರು ಸಲ ಮಾಡಿ ನೋಡಿದೆ, ಮೂರೂ ಸಲ ಹಾಗೇ ಬಂತು.

ರಾತ್ರಿ ಅಪ್ಪನಿಗೆ ಹೇಳಿದೆ.

"ಅಂದ್ರೆ ಹಿಡ್ಕಂಡದೆ ಅನ್ನು," ಅಂದರು. "ತೊಳೆಯಕ್ಕೆ ಇನ್ನೂ ಹೊತ್ತದೆ."

ಮುಂದಿನ ಸ್ಯಾಂಪಲ್ ಫೆಬ್ರವರಿಯಲ್ಲಿ. ಅಷ್ಟೊತ್ತಿಗೆ ಅವರು ರೋಬಸ್ಟಾ ಕೊಯ್ಲಿನಲ್ಲಿ ಇರುತ್ತಾರೆ.